ಕರೆಂಟ್ ಗಾಡಿಯ ಖರೇ ಖರ್ಚು

ಡೊಂಬಿವಲಿಗೆ ಬಂದ ನಾಲ್ಕನೆಯ ದಿನ ನಾನು ಲೋಕಲ್ ರೈಲು ಹತ್ತಲಿಲ್ಲ, ನನ್ನನ್ನು ಹತ್ತಿಸಲಾಯಿತು. ಕಲ್ಯಾಣಕ್ಕೆ ಹೋಗುವ ಗಾಡಿ ಯಾವ ಕಡೆ ಬರುತ್ತದೆ ಎಂದು ಯಾರನ್ನಾದರೂ ಕೇಳೋಣವೆಂದು ಪ್ಲಾಟ್‌ಫಾರ್ಮಿನಲ್ಲಿ ನಿಂತು ಆಗಷ್ಟೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಗಾಡಿಯೊಂದು ಬಂತು. ಬೆನ್ನ ಹಿಂದಿನ ಹೆಂಗಸರ ಗುಂಪು ಒಮ್ಮೆಲೇ ಮುಂದೆ ಸರಿಯಿತು, ನನ್ನ ಕಾಲು ನೆಲ ಬಿಟ್ಟಿತು, ಮತ್ತೆ ನೆಲಕ್ಕೆ ತಾಗಿದಾಗ ನಾನು ಡಬ್ಬಿಯ ಒಳಗಿದ್ದೆ. ನಡುವೆ ಒಂದು ಹೆಜ್ಜೆಯನ್ನೂ ನಾನಾಗಿ ಇಟ್ಟಿರಲಿಲ್ಲ. ಕಲ್ಯಾಣದಿಂದ ದಾರ, ಗುಂಡಿ ತರಲು ಹೊರಟವಳು ಅದಕ್ಕೆ ಪೂರಾ ಉಲ್ಟಾ ದಿಕ್ಕಿನ ಠಾಣೆಯಲ್ಲಿ ಹತ್ತಿದ ರೀತಿಯಲ್ಲೇ ಇಳಿದೆ. ವಿಜಯಪುರದಲ್ಲಿ ಮೂವತ್ತೆಂಟು ವರ್ಷ ನನ್ನ ಕಾಲು ನಾನು ಹೇಳಿದಲ್ಲಿಗೆ ಹೋಗುತ್ತಿತ್ತು. ಈ ಊರಲ್ಲಿ ಅಷ್ಟೂ ನನ್ನ ಮಾತು ನಡೆಯುವುದಿಲ್ಲವಲ್ಲ ಎಂದು ಠಾಣೆಯ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಪಕ್ಕದಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ಹೆಂಗಸು ಅಳು ಮುಗಿಯುವ ತನಕ ಕಾದಿದ್ದು, ಡೊಂಬಿವಲಿಯ ಗಾಡಿ ಎಲ್ಲಿ ಬರುತ್ತದೆಂದು ತೋರಿಸಿದಳು.

ನಾನು ಕುಪ್ಪಸ ಹೊಲಿಯುವವಳು. ನಮ್ಮ ಮನೆಯವರು ಮಲ್ಲಿಕಾರ್ಜುನ, ವಿಜಯಪುರದಲ್ಲಿ ನಮ್ಮ ಮಾವನ ಕಾಲದಿಂದ ಇದ್ದ ಮೋಟಾರು ರಿಪೇರಿ ಅಂಗಡಿ ನಡೆಸುತ್ತಿದ್ದರು. ಅಂಗಡಿ ಮುಚ್ಚಬೇಕಾಗಿ ಬಂತು. ನವಿ ಮುಂಬೈಯ ರಬಾಳೆಯಲ್ಲಿ, ಸಾಲುಗಟ್ಟಿ ಕಾರ್ಖಾನೆಗಳಿರುವ ಕಡೆ, ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊರಡುವಾಗ ಅವರು ನನಗೆ ಹೇಳಿದ್ದು, “ಎರಡ ವರ್ಷ ಅಷ್ಟ ನೋಡು ಸುವರ್ಣಾ, ಕಣ್ಣ ಮುಚ್ಚಿ ಕಣ್ಣ ತೆಗಿಯೂದ್ರಾಗ ತಿರುಗಿ ಬರೂಣು.” ಅದಾಗಿ ನಾಲ್ಕು ವರ್ಷ ಕಳೆದಿವೆ. ಕಣ್ಣು ಮುಚ್ಚಿಯೇ ಇದೆಯೋ ಏನೋ.

ಈಗ ಊರಿಂದ ನನ್ನ ತಂಗಿ ಫೋನ್ ಮಾಡಿದಾಗಲೆಲ್ಲ ಎರಡು ಪ್ರಶ್ನೆ ಕೇಳುತ್ತಾಳೆ. ಮೊದಲನೆಯದು, “ಯಾವಾಗ ಬರ್ತೀರಿ?” ಎರಡನೆಯದು, “ನಿಮ್ಮ ಕರೆಂಟ್ ಗಾಡಿಗಿ ಖರ್ಚ ಎಷ್ಟ ಬರ್ತೈತಿ, ನಮ್ಮವರೂ ತಗೋಬೇಕ ಅಂತಾರ.” ಮೊದಲನೆಯದನ್ನು ನಾನು ಹಾರಿಸಿ ಎರಡನೆಯದಕ್ಕೆ ಉತ್ತರ ಕೊಡಲು ಹೋಗುತ್ತೇನೆ. ಎರಡೂ ಒಂದೇ ಪ್ರಶ್ನೆ ಎಂದು ಗೊತ್ತಾಗಲು ನನಗೆ ಈ ಸಲದ ದಸರೆಯವರೆಗೆ ಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆ. ನಾವಿರುವುದು ನಾಲ್ಕು ಮಹಡಿಯ ಹಳೇ ಕಟ್ಟಡದ ಎರಡನೇ ಮಹಡಿಯಲ್ಲಿ. ಊರಲ್ಲಿ ನಮ್ಮ ಅಂಗಳದಲ್ಲಿ ನಿಂತರೆ ಆಕಾಶ ಬೇಡವೆಂದರೂ ಮೈಮೇಲೆ ಬೀಳುತ್ತಿತ್ತು. ಇಲ್ಲಿ ಅಡುಗೆಮನೆಯ ಕಿಟಕಿಯಿಂದ ತಲೆ ಹೊರಹಾಕಿ ಕತ್ತು ತಿರುಗಿಸಿದರೆ ಒಂದು ಕರವಸ್ತ್ರದಷ್ಟು ಕಾಣುತ್ತದೆ. ಇಂಥ ಕಟ್ಟಡವನ್ನು ಇಲ್ಲಿ ಸೊಸೈಟಿ ಎನ್ನುತ್ತಾರೆ. ಅದಕ್ಕೊಬ್ಬ ಸೆಕ್ರೆಟರಿ, ಒಂದು ನೋಟಿಸ್ ಬೋರ್ಡು, ವರ್ಷಕ್ಕೆ ಒಂದೆರಡು ಸಲ ಕೂಡುವ ಮೀಟಿಂಗು. ಮನೆ ಕೊಂಡವರು ಅದರ ಸದಸ್ಯರು. ನಮ್ಮಂತೆ ಬಾಡಿಗೆಗೆ ಇರುವವರು ‘ಭಾಡೇಕರು’. ಹನ್ನೊಂದು ತಿಂಗಳಿಗೊಮ್ಮೆ ಕರಾರುಪತ್ರ ಹೊಸದು ಮಾಡಿಸಿಕೊಂಡು, ಮೀಟಿಂಗಿನಲ್ಲಿ ಹಿಂದೆ ಕೂತು, ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಊರಲ್ಲಿ ಓಣಿಯ ನಲ್ಲಿಯ ಜಗಳವನ್ನೂ ಬಿಡದೆ ಪಂಚಾಯ್ತಿ ಮಾಡುತ್ತಿದ್ದ ನನಗೆ ಇದು ಎಷ್ಟು ಕಷ್ಟವಾಗಿರಬೇಕು, ನೀವೇ ಯೋಚಿಸಿ.

ಮೊದಲ ವರ್ಷ ನನ್ನ ಜೊತೆ ಮಾತಾಡಿದ್ದು ಹೊಲಿಗೆ ಯಂತ್ರವೊಂದೇ. ಜೋಳದ ಹಿಟ್ಟು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆದೆ. ‘ಜ್ವಾರೀಚಂ ಪೀಠ’ ಎಂದು ಕೇಳಬೇಕೆಂದು ಕಲಿತ ದಿನ ಎರಡು ಕಿಲೋ ತಂದು, ಅಂದೇ ರಾತ್ರಿಯೂಟಕ್ಕೆ ಹನ್ನೆರಡು ರೊಟ್ಟಿ ಬಡಿದೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ನೆಲಮಹಡಿಯ ಸಾಠೆ ಕಾಕು ಮೆಟ್ಟಿಲು ಹತ್ತಿ ಬಂದರು. ಕಾಕು ಎಂದರೆ ಇಲ್ಲಿ ಚಿಕ್ಕಮ್ಮ. ಮಂಡಿನೋವಿನ ಹೆಂಗಸು, ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಜಗಳಕ್ಕೆ ಬಂದರೆಂದು ನಾನು ಸೆರಗು ಸಿಕ್ಕಿಸಿದೆ. ಅವರು ಒಂದು ರೊಟ್ಟಿ ಕೇಳಿದರು. ಮರುದಿನ ತಮ್ಮ ಕುಪ್ಪಸದ ಬಟ್ಟೆ ತಂದುಕೊಟ್ಟರು, ಅದರ ಮುಂದಿನ ವಾರ ಮೂರನೇ ಮಹಡಿಯವರನ್ನು ಕರೆತಂದರು. ನನ್ನ ಮರಾಠಿಯೆಲ್ಲ ಅಳತೆ ತೆಗೆಯುತ್ತ ಕಲಿತದ್ದು. ಹಾಗಾಗಿ ತೋಳು, ಕುತ್ತಿಗೆ, ಬಿಗಿ, ಸಡಿಲ, ಇವಿಷ್ಟು ಪದಗಳಲ್ಲಿ ನಾನು ಲೋಕದ ಎಲ್ಲ ವಿಷಯವನ್ನೂ ಮಾತಾಡಬಲ್ಲೆ. ಮಗಳು ಅಪೂರ್ವಾಗೆ ಈಗ ಹನ್ನೆರಡು. ನಾನು ಕನ್ನಡದಲ್ಲಿ ಬೈದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಅದೂ ನನಗಿಂತ ಚೆನ್ನಾಗಿ.

ಇನ್ನು ಕಾರು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ರಬಾಳೆ, ಹೀಗೆ ಲೋಕಲ್‌ನಲ್ಲಿ ನಮ್ಮ ಮನೆಯವರು ಎರಡು ವರ್ಷ ಓಡಾಡಿದರು. ತಿಂಗಳ ಪಾಸಿನ ದುಡ್ಡಿನಲ್ಲಿ ಕಾರಿಗೆ ಒಂದು ವಾರವೂ ಹೊಟ್ಟೆ ತುಂಬುವುದಿಲ್ಲ. ಅಗ್ಗವೇ ಬೇಕೆಂದರೆ ರೈಲನ್ನು ಮೀರಿಸಿದ್ದಿಲ್ಲ, ಇದನ್ನು ನನ್ನ ತಂಗಿಯ ಗಂಡ ಚೆನ್ನಾಗಿ ಕೇಳಿಸಿಕೊಳ್ಳಬೇಕು. ಆದರೆ ಒಂದು ಬೆಳಿಗ್ಗೆ, ಓಡುತ್ತಿದ್ದ ರೈಲಿನ ಬಾಗಿಲ ಬಳಿ ಇವರ ಪಕ್ಕದಲ್ಲೇ ನಿಂತು ಮಾತಾಡುತ್ತಿದ್ದ ಮನುಷ್ಯ, ಮಾತು ಮುಗಿಯುವ ಮೊದಲೇ ಅಲ್ಲಿರಲಿಲ್ಲ. ಕೈ ಜಾರಿತ್ತು. ಇವರು ಅವತ್ತು ಕೆಲಸಕ್ಕೆ ಹೋದರು, ಸಂಜೆ ಬಂದು ಊಟ ಮಾಡಿದರು, ನನಗೆ ಹೇಳಿದ್ದು ಒಂದು ತಿಂಗಳಾದ ಮೇಲೆ. ಅಷ್ಟರಲ್ಲಿ ಅವರು ರೈಲು ಬಿಟ್ಟು, ಮೂರು ಕಡೆ ಬಸ್ಸು, ಶೇರ್ ರಿಕ್ಷಾ ಬದಲಿಸಿ ಹೋಗುತ್ತಿದ್ದರು. ದಿನಾ ತಡ. ಮೇಲಿನವರು ಎರಡು ಸಲ ಎಚ್ಚರಿಕೆ ಕೊಟ್ಟಿದ್ದರು. “ಪ್ಲಾಟ್‌ಫಾರ್ಮಿಗಿ ಹೋದ್ರ ಕಾಲ ಏಳೂದಿಲ್ಲ ಸುವರ್ಣಾ. ಯಾರಿಗೂ ಹೇಳಬ್ಯಾಡ,” ಎಂದರು. ಯಾರಿಗೂ ಹೇಳಲಿಲ್ಲ. ನನ್ನ ಎರಡು ಬಳೆ, ಇವರ ಉಳಿತಾಯ ಸೇರಿಸಿ, ಘಣಸೋಲಿಯ ಒಬ್ಬರ ಹತ್ತಿರ ಆರು ವರ್ಷ ಹಳೆಯ ಬಿಳೀ ಕರೆಂಟ್ ಗಾಡಿ ತೆಗೆದುಕೊಂಡೆವು. ಪೆಟ್ರೋಲು ಗಾಡಿ ಇಟ್ಟುಕೊಂಡು ದಿನಾ ರಬಾಳೆಗೆ ಹೋಗಿಬರುವುದು ನಮ್ಮ ಕೈಗೆಟುಕುತ್ತಿರಲಿಲ್ಲ.

ಅಂಗಡಿಯವರು ಹೇಳುವ ಖರ್ಚು ಬೇರೆ, ಖರೇ ಖರ್ಚು ಬೇರೆ. ಗಾಡಿ ಹೊಸದಿದ್ದಾಗ ಎಷ್ಟು ಓಡುತ್ತಿತ್ತೋ, ಈಗ ಅದರ ಮುಕ್ಕಾಲು ಪಾಲು ಓಡಿದರೆ ಹೆಚ್ಚು. ಮನೆಯ ಕರೆಂಟಿನಿಂದ ಚಾರ್ಜ್ ಮಾಡಿದರೆ ತಿಂಗಳ ಬಿಲ್ಲಿಗೆ ಸಾವಿರದ ಎಂಟುನೂರರಷ್ಟು ಸೇರುತ್ತದೆ. ಯುನಿಟ್ ಹೆಚ್ಚಾದಂತೆ ದರವೂ ಏರುವುದರಿಂದ ನನ್ನ ಮಿಕ್ಸರು, ಫ್ಯಾನು ಕೂಡ ದುಬಾರಿಯಾದವು. ದಾರಿಯಲ್ಲಿನ ಚಾರ್ಜಿಂಗ್ ಕೇಂದ್ರಕ್ಕೆ ಹೋದರೆ ಹತ್ತಿರ ಹತ್ತಿರ ಎರಡರಷ್ಟು, ಜೊತೆಗೆ ಸರತಿ. ಬ್ಯಾಟರಿಯಿಂದಾಗಿ ಗಾಡಿ ಭಾರ, ಶೀಳಫಾಟಾ ರಸ್ತೆಯ ಗುಂಡಿಗಳಿಗೆ ಟಯರು ಬೇಗ ಸವೆಯುತ್ತವೆ. ಎಣ್ಣೆ ಬದಲಿಸುವ ರಗಳೆ ಇಲ್ಲ, ಅದು ನಿಜ. ಒಟ್ಟಿನಲ್ಲಿ ಮನೆಯ ಪ್ಲಗ್ ಇದ್ದರೆ ಗಾಡಿ ಸಾಕಬಹುದು, ಇಲ್ಲದಿದ್ದರೆ ಮಾರಬೇಕು. ಗಾಡಿ ಮಾರಿದರೆ ಇವರ ಕೆಲಸ ಹೋಗುತ್ತದೆ, ಕೆಲಸ ಹೋದರೆ ನಾವು ಸಾಮಾನು ಕಟ್ಟಬೇಕು. ನಮ್ಮ ಸಂಸಾರ ಒಂದು ಪ್ಲಗ್ಗಿನ ಮೇಲೆ ನಿಂತಿತ್ತು.

ಆ ಪ್ಲಗ್ ಇದ್ದದ್ದು ನಮ್ಮ ಅಡುಗೆಮನೆಯಲ್ಲಿ, ಗಾಡಿ ನಿಲ್ಲುತ್ತಿದ್ದದ್ದು ಕೆಳಗೆ. ಇವರು ಕಸುಬು ಬಲ್ಲವರು, ದಪ್ಪ ತಂತಿ ತಂದು, ಅರ್ಥಿಂಗ್ ಸರಿಮಾಡಿ, ಕಿಟಕಿಯಿಂದ ಇಳಿಬಿಟ್ಟರು. ಆ ತಂತಿ ಸರಿಯಾಗಿ ಸಾಠೆ ಕಾಕಾ ಅವರ ಕಿಟಕಿಯ ಮುಂದೆ ನೇತಾಡುತ್ತಿತ್ತು. ಕಾಕು ಎಷ್ಟು ಮೆದುವೋ ಅವರ ಗಂಡ ಅಷ್ಟೇ ಬಿರುಸು. ಲೋಕಲ್ ರೈಲು ಓಡಿಸುವ ಮೋಟರ್‌ಮನ್ ಆಗಿ ನಿವೃತ್ತರಾದವರು. “ಕಿಟಕಿ ತೆಗೆದರೆ ಆಕಾಶ ಕಾಣಬೇಕು, ನಿಮ್ಮ ತಂತಿ ಅಲ್ಲ,” ಎಂದು ದಿನಾ ಒಂದು ಸಲ ನನಗೆ ಹೇಳುತ್ತಿದ್ದರು. ಇವರನ್ನು ಕಂಡರೆ, “ಏನು ಸಾಹೇಬರೇ, ನಮ್ಮ ಲೋಕಲ್ ನಿಮಗೆ ಸಾಲದಾಯಿತೇ? ಅರ್ಧ ಆಯುಷ್ಯ ನಾನು ನಿಮ್ಮಂಥವರನ್ನೇ ಹೊತ್ತುಕೊಂಡು ಹೋಗಿದ್ದೇನೆ,” ಎಂದು ಮರಾಠಿಯಲ್ಲಿ ಚುಚ್ಚುತ್ತಿದ್ದರು. ಇವರು ನಕ್ಕು ತಲೆ ತಗ್ಗಿಸಿ ಹೋಗುತ್ತಿದ್ದರು. ನಿಜ ಸಂಗತಿ ಹೇಳಿಬಿಡಬೇಕೆನಿಸುತ್ತಿತ್ತು, ಆದರೆ ಮಾತು ಕೊಟ್ಟಿದ್ದೆನಲ್ಲ. ಕೊನೆಗೆ ಕಾಕಾ ಲಿಖಿತ ದೂರು ಕೊಟ್ಟರು. ದಸರೆಯ ಮರುವಾರದ ಮೀಟಿಂಗಿನಲ್ಲಿ ತಂತಿಯ ವಿಷಯ ತೀರ್ಮಾನವಾಗುವುದೆಂದು ಸೆಕ್ರೆಟರಿ ನೋಟಿಸ್ ಅಂಟಿಸಿದರು.

ಒಂದು ಮಾತು ಮುಚ್ಚಿಡುವುದಿಲ್ಲ. ನೋಟಿಸ್ ಓದಿದ ಹೊತ್ತು ನನಗೆ ಭಯದ ಜೊತೆಗೆ ಸಣ್ಣ ಖುಷಿಯೂ ಆಯಿತು. ತಂತಿ ಕಿತ್ತರೆ ವಿಜಯಪುರಕ್ಕೆ ಹೋಗಬಹುದಲ್ಲ.

ನವರಾತ್ರಿ ಬಂತು. ಕಲ್ಯಾಣದ ಕೋಟೆಯ ದುರ್ಗಾಡಿ ದೇವಿಯ ದರ್ಶನ ಮಾಡಿ ಎಷ್ಟೋ ವರ್ಷವಾಯಿತೆಂದು ಕಾಕು ಬೇಸರ ಮಾಡಿಕೊಂಡರು. ಮಂಡಿಯಿಂದಾಗಿ ರಿಕ್ಷಾ, ಗದ್ದಲ ಆಗದು. “ದಸರಾ ಮುಂಜಾನೆ ನಮ್ಮ ಗಾಡಿಯಲ್ಲಿ ಹೋಗೋಣ,” ಎಂದೆ. ಕಾಕಾ ಮೂಗು ಮುರಿದರೂ ಹೆಂಡತಿಯ ಮುಖ ನೋಡಿ ಹೂಂ ಅಂದರು. ಮೀಟಿಂಗಿನ ಮೊದಲು ಅವರ ಮನಸ್ಸು ಕರಗಿದರೆ ಕರಗಲಿ ಎಂಬ ಲೆಕ್ಕಾಚಾರವೂ ನನ್ನ ತಲೆಯಲ್ಲಿತ್ತು.

ಈಗ ನಮ್ಮವರ ಬುದ್ಧಿ ಕೇಳಿ. ದಸರೆಯ ಹಿಂದಿನ ದಿನ ನಮ್ಮಲ್ಲಿ ಖಂಡೇಪೂಜೆ. ಕಸುಬಿನ ಸಾಮಾನಿಗೆಲ್ಲ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ನಮ್ಮ ಮಾವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು, ಪೂಜೆಗೆ ಇಟ್ಟ ಸಾಮಾನನ್ನು ಮರುದಿನ ಬನ್ನಿ ಕೈಗೆ ಬರುವ ತನಕ ಮುಟ್ಟುವಂತಿಲ್ಲ, ಅದಕ್ಕೆ ವಿಶ್ರಾಂತಿ. ಇವರು ಸ್ಪ್ಯಾನರು, ಸ್ಕ್ರೂಡ್ರೈವರು, ನನ್ನ ಹೊಲಿಗೆ ಯಂತ್ರ ಪೂಜೆಗೆ ಇಟ್ಟರು, ಕೊನೆಗೆ ಕಾರಿನ ತಂತಿಯನ್ನೂ ಸುರುಳಿ ಸುತ್ತಿ ಚೆಂಡುಹೂ ಏರಿಸಿ ಕಾರಿನ ಡಿಕ್ಕಿಯಲ್ಲೇ ಪೂಜೆಗೆ ಕೂರಿಸಿದರು.

“ಅಲ್ರೀ, ಗಾಡ್ಯಾಗ ಹದಿನಾಲ್ಕ ಪರ್ಸೆಂಟ್ ಐತಿ. ನಾಳೆ ಕಲ್ಯಾಣಕ್ಕ ಹೋಗೂದೈತಿ,” ಎಂದೆ.

“ಪೂಜಿಗಿ ಇಟ್ಟದ್ದು ಹೆಂಗ ತೆಗಿಯೂದು? ಹೋಗಿ ಬರಾಕ ಸಾಕಾಗ್ತೈತಿ ತಗೋ.”

“ಮತ್ತ ಗಾಡಿ ಓಡಸೂದು ನಡೀತೈತೇನು?”

“ದೇವೀ ಗುಡಿಗಿ ಹೋಗಾಕ ನಡೀತೈತಿ.”

ಅಪ್ಪನ ಮಾತನ್ನು ಊರು ಬಿಟ್ಟ ಮೇಲೆ ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದ ಮನುಷ್ಯನ ಹತ್ತಿರ ನಾನು ವಾದಿಸಲಿಲ್ಲ. ಹೀಗೆ ನಮ್ಮ ಕಾರು ಖಂಡೇಪೂಜೆಯ ಉಪವಾಸ ಮಾಡಿತು.

ದಸರೆಯ ಬೆಳಿಗ್ಗೆ ಅಪೂರ್ವಾಳನ್ನು ಮನೆಯಲ್ಲಿ ಬಿಟ್ಟು ನಾಲ್ವರೂ ಹೊರಟೆವು. ದರ್ಶನ ಚೆನ್ನಾಗಿ ಆಯಿತು. ಇಬ್ಬರ ಭುಜ ಹಿಡಿದು ಕಾಕು ಮೇಲೆ ಹತ್ತಿದರು, ದೇವಿಯ ಮುಂದೆ ಕಣ್ಣೊರೆಸಿಕೊಂಡರು, ಹೊರಗೆ ಬಂದು ಒಂದಿಷ್ಟು ಎಲೆ ಕೊಂಡು ಚೀಲಕ್ಕೆ ಹಾಕಿಕೊಂಡರು. ತಿರುಗಿ ಬರುವಾಗ ಮೆರವಣಿಗೆಗಳ ದೆಸೆಯಿಂದ ರಸ್ತೆಯೆಲ್ಲ ಗಾಡಿಗಳು ಅಂಟಿಕೊಂಡು ನಿಂತಿದ್ದವು. ಕಾಕುವಿಗೆ ಸೆಕೆ, ಎ.ಸಿ. ಬೇಕು. ಪರ್ಸೆಂಟು ಏಳಾಯಿತು, ಆರಾಯಿತು. ಮುಂದಿನ ಸೀಟಿನಲ್ಲಿದ್ದ ಕಾಕಾ, “ಎಡಕ್ಕೆ ತಿರುಗಿಸಿ, ಈ ಭಾಗ ನನಗೆ ಅಂಗೈಯಷ್ಟು ಗೊತ್ತು,” ಎಂದು ಅಪ್ಪಣೆ ಕೊಟ್ಟರು. ಗೊತ್ತಿತ್ತು, ಖರೆ, ಆದರೆ ಹಳಿಯ ಮೇಲೆ! ಕಾಕಾ ರಸ್ತೆ ಬಿಟ್ಟು ಹಳಿಯ ಗುರುತು ಹಿಡಿದು ದಾರಿ ಹೇಳಿದರು. ಇವರು ವಿಧೇಯ ಹುಡುಗನಂತೆ ತಿರುಗಿಸಿದರು. ಮುಕ್ಕಾಲು ತಾಸಾದ ಮೇಲೆ ಡೊಂಬಿವಲಿಯ ಬದಲು ಉಲ್ಹಾಸನಗರದ ಕಡೆಯ ವಿಠ್ಠಲವಾಡಿ ಸ್ಟೇಷನ್ನಿನ ಬೋರ್ಡು ಎದುರಾಯಿತು. ಗಾಡಿ ಎರಡು ಪರ್ಸೆಂಟಿಗೆ ಇಳಿದು, ಆಮೆಯ ಹಾಗೆ ತೆವಳಿ, ಒಂದು ಹೋಟೆಲಿನ ಮುಂದೆ ನಿಂತುಬಿಟ್ಟಿತು.

“ಚಾರ್ಜ್ ಮಾಡ್ರೀ ಅಂತ ಬಡ್ಕೊಂಡ್ನಿಲ್ಲ?” ಎಂದು ನಾನು ನಡುರಸ್ತೆಯಲ್ಲೇ ಕನ್ನಡದಲ್ಲಿ ಶುರುಮಾಡಿದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಬ್ಬರು ಎದ್ದು ಬಂದರು.

“ಓ, ಕನ್ನಡವಾ? ಎಂತ ಆಯ್ತು?”

ಹೋಟೆಲಿನ ಯಜಮಾನರು, ಕಾರ್ಕಳದ ಕಡೆಯವರು, ಸುಧಾಕರಣ್ಣ. ಇವರು ಅಂಜುತ್ತಲೇ, ಎರಡು ತಾಸು ಒಂದು ಹದಿನೈದು ಆಂಪಿಯರಿನ ಪ್ಲಗ್ ಸಿಕ್ಕೀತೇ, ದುಡ್ಡು ಕೊಡುತ್ತೇವೆ ಎಂದು ಕೇಳಿದರು.

“ಅದಕ್ಕೆಂತ ದುಡ್ಡು ಮಾರಾಯ್ರೇ! ಗ್ರೈಂಡರಿನ ಪ್ಲಗ್ ಉಂಟು. ನಾಳೆಗೆ ಅರೆಯುವುದು ಸಂಜೆಗಲ್ವಾ? ಹಾಕಿ ಹಾಕಿ. ಚಾ ಕುಡಿಯಿರಿ ಮೊದಲು,” ಎಂದು ಒಳಗಿದ್ದ ಹೆಂಡತಿಗೆ ತುಳುವಿನಲ್ಲಿ ಕೂಗಿ ಹೇಳಿದರು.

ತಂತಿ ಡಿಕ್ಕಿಯಲ್ಲಿತ್ತು, ಚೆಂಡುಹೂವಿನ ಸಮೇತ. ಇವರು ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. “ಇನ್ನೂ ಬನ್ನಿ ಆಗಿಲ್ಲ...” ಎಂದು ಗೊಣಗಿದರು. ನನಗೆ ಆ ತಂತಿಯಿಂದಲೇ ಅವರನ್ನು ಕಟ್ಟಿಹಾಕಬೇಕೆನಿಸಿತು. ಕಾಕುವಿಗೆ ವಿಷಯ ಏನೆಂದು ಕೇಳಿ ತಿಳಿದುಕೊಳ್ಳಲು ಎರಡು ನಿಮಿಷ ಬೇಕಾಯಿತು. ಆಮೇಲೆ ಅವರು ಚೀಲದಿಂದ ಗುಡಿಯ ಮುಂದೆ ಕೊಂಡ ಎಲೆ ತೆಗೆದರು. ನಮ್ಮಲ್ಲಿ ದಸರೆಗೆ ಬನ್ನಿ ಕೊಡುವಂತೆ ಇಲ್ಲಿ ಆಪಟೆಯ ಎಲೆ ಕೊಡುತ್ತಾರೆ, ಅದನ್ನು ಚಿನ್ನ ಎಂದೇ ಕರೆಯುತ್ತಾರೆ. “ಘ್ಯಾ, ಸೋನಂ ಘ್ಯಾ,” ತಗೊಳ್ಳಿ ಚಿನ್ನ, ಎಂದು ಇವರ ಕೈಗಿಟ್ಟರು. ಸುಧಾಕರಣ್ಣನಿಗೂ ಕೊಟ್ಟರು, ನನಗೂ ಕೊಟ್ಟರು, ಒಂದೆಲೆಯನ್ನು ಕಾರಿನ ಮೂತಿಯ ಮೇಲೂ ಇಟ್ಟರು. ಇವರು ಬಗ್ಗಿ ಕಾಕುವಿನ ಕಾಲು ಮುಟ್ಟಿ, ಹೋಗಿ ಪ್ಲಗ್ ಹಾಕಿದರು. ಅತ್ತೆಮಾವ ಸತ್ತ ಮೇಲೆ ದಸರೆಯ ದಿನ ಇವರು ಯಾರ ಕಾಲಿಗೂ ಬಿದ್ದಿರಲಿಲ್ಲ.

ಚಹಾ ಕುಡಿದ ಮೇಲೆ ಇನ್ನೊಂದು ತೊಡಕು. ಕಾಕಾ ಅವರ ತಂಗಿಯ ಮನೆಯವರು ಮಧ್ಯಾಹ್ನದ ಹಬ್ಬದೂಟಕ್ಕೆ ಬರುವವರಿದ್ದರು, ಮನೆಯ ಬೀಗದ ಕೈ ಕಾಕುವಿನ ಚೀಲದಲ್ಲಿತ್ತು. “ಹೆಂಗಸರು ಇಲ್ಲೇ ಇರಲಿ,” ಎಂದು ಕಾಕಾ ಎದ್ದರು. “ಮೂರು ಸ್ಟೇಷನ್ನು. ಮಲ್ಲಿಕಾರ್ಜುನ, ನಡೆಯಿರಿ, ಇಬ್ಬರೂ ಲೋಕಲ್‌ನಲ್ಲಿ ಹೋಗಿ ಬಾಗಿಲು ತೆಗೆದು ಬರೋಣ.”

ಇವರು ಕಪ್ಪು ಕೆಳಗಿಟ್ಟರು. “ನೀವು ಹೋಗಿಬನ್ನಿ ಕಾಕಾ.”

“ನೀವೂ ಬನ್ನಿ.”

“ನಾನು ಒಲ್ಲೆ.”

“ಮೂರು ಸ್ಟೇಷನ್ನಿಗೂ ನಿಮಗೆ ಕಾರು ಬೇಕೇ?” ಕಾಕಾ ಅವರ ದನಿ ಏರಿತು. ಬೀಗದ ಕೈ ತೆಗೆದುಕೊಂಡು ದುಡುದುಡು ಸ್ಟೇಷನ್ನಿನ ಕಡೆ ನಡೆದರು. ನಾವು ನೋಡುತ್ತಿದ್ದಂತೆ ಮೆಟ್ಟಿಲ ಬಳಿ ನಿಂತರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತರು. ಕಾಕು ಗಂಡನ ಮುಂದೆ ನೀರಿನ ಲೋಟ ಸರಿಸಿದರು.

ಆಗ ಇವರು ತಾವಾಗಿಯೇ ಹೇಳಿದರು. ನನ್ನ ಹೊರತು ಯಾರಿಗೂ ಹೇಳದಿದ್ದದ್ದನ್ನು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ, ಮೇಜನ್ನು ನೋಡುತ್ತ ಹೇಳಿದರು. ಪಕ್ಕದಲ್ಲಿದ್ದವನು ಮಗಳ ಶಾಲೆಯ ವಿಷಯ ಮಾತಾಡುತ್ತಿದ್ದನಂತೆ. ಅದು ನನಗೂ ಗೊತ್ತಿರಲಿಲ್ಲ.

ಕಾಕಾ ಲೋಟದ ನೀರು ಪೂರಾ ಕುಡಿದರು. ಆಮೇಲೆ, “ನೀವು ಪಕ್ಕದಿಂದ ನೋಡಿದಿರಿ,” ಎಂದರು. “ನಾನು ಎದುರಿನಿಂದ ನೋಡಿದ್ದೇನೆ. ಹಾರ್ನ್ ಹೊಡೆಯುತ್ತೇವೆ, ಬ್ರೇಕ್ ಹಾಕುತ್ತೇವೆ, ಗಾಡಿ ನಿಲ್ಲುವುದಿಲ್ಲ. ರಿಟೈರ್ ಆದ ದಿನದಿಂದ ನಾನು ಲೋಕಲ್ ಹತ್ತಿಲ್ಲ. ಠಾಣೆಗೂ ಬಸ್ಸಿನಲ್ಲೇ ಹೋಗುತ್ತೇನೆ. ಎಲ್ಲರಿಗೂ ನನಗೆ ಬಸ್ಸೇ ಇಷ್ಟ ಎಂದು ಹೇಳಿದ್ದೇನೆ.” ಬೀಗದ ಕೈಯನ್ನು ಮೇಜಿನ ಮೇಲಿಟ್ಟು, “ಇವತ್ತು ಜೊತೆಗೆ ಯಾರಾದರೂ ಇದ್ದರೆ ಆದೀತೇನೋ ಅಂದುಕೊಂಡೆ,” ಎಂದರು.

ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸುಧಾಕರಣ್ಣ ಕೇಳದೆಯೇ ಎರಡು ಬನ್ಸ್ ತಂದಿಟ್ಟರು. ನಾನು ಅಪೂರ್ವಾಗೆ ಫೋನ್ ಮಾಡಿ, ಕಾಕಾ ಅವರ ನೆಂಟರು ಬಂದರೆ ನಮ್ಮ ಮನೆಯಲ್ಲಿ ಕೂರಿಸಿ ಚಹಾ ಕೊಡು ಎಂದೆ. ಅವಳು ಚಹಾದ ಜೊತೆ ನಮ್ಮ ಹಬ್ಬದ ಹೋಳಿಗೆಯನ್ನೂ ಪೂರ್ತಿ ಖಾಲಿಮಾಡಿಸಿದ್ದಳು. ಕಾರಿನ ಹೊಟ್ಟೆಗೆ ಸಾಕಷ್ಟು ಬಿದ್ದ ಮೇಲೆ ಡೊಂಬಿವಲಿಗೆ ಮರಳಿದೆವು. ದಾರಿಯುದ್ದಕ್ಕೂ ಕಾಕಾ ಒಂದು ತಿರುವನ್ನೂ ಹೇಳಲಿಲ್ಲ.

ಇನ್ನು ಮೀಟಿಂಗು. ಭಾನುವಾರ ಬೆಳಿಗ್ಗೆ ಕಟ್ಟಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ನಾವು ಮೂವರೂ ಹಿಂದಿನ ಸಾಲಿನಲ್ಲಿ. ತಂತಿಯ ವಿಷಯ ಬಂದಾಗ ಕಾಕಾ ಎದ್ದು ನಿಂತರು. “ಆ ತಂತಿ ಅಪಾಯ. ನನ್ನ ದೂರು ವಾಪಸ್ ತೆಗೆದುಕೊಳ್ಳುವುದಿಲ್ಲ, ಇವತ್ತೇ ಕೀಳಬೇಕು,” ಎಂದರು. ಅವರು ಮುಂದುವರಿಸಿದರು, “ಅದರ ಬದಲು ನನ್ನ ಮನೆಯ ಹೊರಗೋಡೆಗೆ ಸರಿಯಾದ ಪ್ಲಗ್ ಪೆಟ್ಟಿಗೆ ಕೂರಿಸಿ. ಕರೆಂಟು ನನ್ನ ಮೀಟರಿನದು. ಎಷ್ಟು ಯುನಿಟ್ ಆಯಿತೆಂದು ಅವರು ಬರೆದಿಟ್ಟು ಕೊಡುತ್ತಾರೆ. ಬೆಂಕಿಯ ಹೆದರಿಕೆ ಇದ್ದವರಿಗೆ ಹೇಳುತ್ತೇನೆ, ಪೆಟ್ಟಿಗೆ ಇರುವುದು ನನ್ನ ಹಾಸಿಗೆಯ ಪಕ್ಕದ ಗೋಡೆಗೆ.”

ಗುಸುಗುಸು ನಡೆಯಿತು. ಸೆಕ್ರೆಟರಿ ಒಳ್ಳೆಯ ಮನುಷ್ಯ, ಆದರೆ ಕಾನೂನು ಬಿಡುವವರಲ್ಲ. ಹೊರಗೋಡೆ ಸೊಸೈಟಿಯದು, ಅದನ್ನು ಕೊರೆಯಬೇಕು, ಪೈಪು ಹಾಕಬೇಕು. “ಇವರು ಭಾಡೇಕರು. ಹನ್ನೊಂದು ತಿಂಗಳಿಗೆ ಹೋದರೆ ಏನು ಮಾಡುವುದು? ಕನಿಷ್ಠ ಮೂರು ವರ್ಷ ಇರುವುದಾದರೆ ಅವರ ಮನೆಯ ಮಾಲೀಕರಿಂದ ಪತ್ರ ತರಿಸಿ ಮಂಜೂರು ಮಾಡೋಣ,” ಎಂದರು. ಪುಣೆಯಲ್ಲಿದ್ದ ನಮ್ಮ ಮನೆಯ ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿದರು, ಅವರು ಒಪ್ಪಿದರು. ಉಳಿದದ್ದು ನಾವು. ಸೆಕ್ರೆಟರಿ ಹಿಂದಿನ ಸಾಲಿನ ಕಡೆ ತಿರುಗಿದರು. “ಬೋಲಾ ವಹಿನಿ, ಕಿತಿ ವರ್ಷಂ ರಾಹಣಾರ್?” ಹೇಳಿ ಅತ್ತಿಗೆ, ಎಷ್ಟು ವರ್ಷ ಇರುತ್ತೀರಿ?

ನಾನು ಇವರ ಕಡೆ ನೋಡಿದೆ. ಇವರು ನನ್ನ ಕಡೆ ನೋಡುತ್ತಿದ್ದರು. ಎರಡು ವರ್ಷವೆಂದು ಮಾತು ಕೊಟ್ಟು ಅದನ್ನು ಉಳಿಸಿಕೊಳ್ಳಲಾಗದ ಗಂಡ, ಈ ಸಲ ಉತ್ತರ ತಾವು ಕೊಡಬಾರದೆಂದು ತುಟಿ ಬಿಗಿಹಿಡಿದು ಕೂತಿದ್ದರು. ನಾನು ಬೇಡ ಎಂದಿದ್ದರೆ ಅವರು ಅದನ್ನೇ ಒಪ್ಪುತ್ತಿದ್ದರು, ನನಗೆ ಗೊತ್ತು. ವಿಜಯಪುರದ ನಮ್ಮ ಅಂಗಳ, ನನ್ನ ತಂಗಿ, ಓಣಿಯವರು ಎಲ್ಲರೂ ಒಮ್ಮೆಲೇ ಕಣ್ಣೆದುರು ಬಂದರು. ಅಪೂರ್ವಾ ನನ್ನ ತೋಳು ಹಿಡಿದು ಪಿಸುಗುಟ್ಟಿದಳು, “ಮಮ್ಮಿ, ಆಪಣ್ ಇಥೂನ್ ಜಾಣಾರ್ ನಾಹೀ ನಾ?” ನಾವು ಇಲ್ಲಿಂದ ಹೋಗುವುದಿಲ್ಲ ತಾನೇ?

ನಾನು ಎದ್ದು ನಿಂತೆ. ನಾಲ್ಕು ವರ್ಷದಲ್ಲಿ ಆ ಮೀಟಿಂಗಿನಲ್ಲಿ ನಾನು ಆಡಿದ ಮೊದಲ ಮಾತು ಅದು. “ಆಮ್ಹೀ ಇಥೇಚ್ ಆಹೋತ್,” ಎಂದೆ. ನಾವು ಇಲ್ಲೇ ಇರುವವರು.

ಸೆಕ್ರೆಟರಿ ಬರೆದುಕೊಂಡರು. ಮೂರನೇ ಮಹಡಿಯವರು ಚಪ್ಪಾಳೆ ತಟ್ಟಿದರು. ಕಾಕು ಕೂತಲ್ಲಿಂದಲೇ ನನಗೆ ದೃಷ್ಟಿ ತೆಗೆದರು. ನಾನು ನಗುತ್ತಲೇ ಮೇಲೆ ಬಂದೆ, ಹೊಲಿಗೆ ಯಂತ್ರದ ಮುಂದೆ ಕೂತೆ, ಯಾರದೋ ಕುಪ್ಪಸದ ತೋಳು ಮಡಿಲಲ್ಲಿ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಇವರು ಬಾಗಿಲಲ್ಲಿ ನಿಂತು ಗಾಬರಿಯಾದರು.

“ಯಾಕ ಅಳಾಕತ್ತಿ? ಯಾರೂ ಜುಲುಮಿ ಮಾಡ್ಲಿಲ್ಲಲ್ಲ. ನೀನs ಹೇಳ್ದಿ.”

“ನಾನs ಹೇಳ್ದ್ನಿಲ್ರೀ, ಅದಕ್ಕs ಅಳಾಕತ್ತೀನಿ.”

ಅವರು ಪಕ್ಕದಲ್ಲಿ ನೆಲದ ಮೇಲೆ ಕೂತರು. “ಮನಸ್ಸಿಲ್ಲಂದ್ರ ಈಗೂ ಹೋಗಿ ಹೇಳತೀನಿ. ಗಾಡಿ ಮಾರೂಣು, ಊರಿಗಿ ಹೋಗೂಣು.”

“ಮನಸ್ಸೈತ್ರೀ,” ಎಂದೆ. “ಮನಸ್ಸ ಐತಿ ಅಂತ ಗೊತ್ತಾಗಿ ಅಳು ಬಂತು. ನಮ್ಮ ತಂಗಿಗಿ ಏನಂತ ಹೇಳ್ಲಿ?”

ಅವಳ ಎರಡೂ ಪ್ರಶ್ನೆಗೆ ಉತ್ತರ ಒಂದೇ ಆಯಿತಲ್ಲ. ಈ ಬರಹವನ್ನು ಅವಳು ಓದಲಿ.